ದೊರೆಸಾನಿ ಸೋತ ತಿಂಗಳು

ಮಾರ್ಚ್ ೧೦, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಮೊನ್ನೆ ಕೆಟ್ಟ ಕನಸು ಬಿತ್ತು. ನಿಮ್ಮ ಪ್ರಿಂಟಿಂಗ್ ಪ್ರೆಸ್ಸಿನ ನೆಲವನ್ನು ಯಾರೋ ಆಗಷ್ಟೇ ಒರೆಸಿದ್ದರು. ನೀನು ಊರುಗೋಲು ಊರಿಕೊಂಡು ಒಳಗೆ ಬರುತ್ತಿದ್ದೆ. ನಾನು ಎಷ್ಟು ಕೂಗಿದರೂ ಬಾಯಿಂದ ದನಿಯೇ ಹೊರಡಲಿಲ್ಲ. ಸೋಮವಾರ ನೀನು ಮತ್ತೆ ಕೆಲಸಕ್ಕೆ ಹೋಗುತ್ತೀ ಎಂಬ ಸಂತೋಷವನ್ನೂ ಈ ನನ್ನ ಹಾಳು ತಲೆ ನೆಟ್ಟಗೆ ಅನುಭವಿಸಲು ಬಿಡುವುದಿಲ್ಲ ನೋಡು. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಒಂದು ಪುಟ ತುಂಬಿಸುವುದೆಂದರೆ ರಾಶಿ ಬಟ್ಟೆ ಇಸ್ತ್ರಿ ಮಾಡಿದಷ್ಟೇ ಸುಸ್ತು. ಫೋನಿನಲ್ಲಾದರೆ ನೀನು "ಹೂಂ" ಅಂದು ಇಟ್ಟುಬಿಡುತ್ತೀಯ.

ನಿಮ್ಮಲ್ಲೂ ನಡಿಗೆಯ ಸ್ಪರ್ಧೆ ಶುರುವಾಗಿದೆ, ನಿನಗೆ ವಿನಾಯಿತಿ ಪತ್ರ ಕಳಿಸಿದ್ದಾರೆ, ಸಹಿ ಹಾಕಿ ಮೂಲೆಯಲ್ಲಿ ಕೂರುತ್ತೇನೆ ಎಂದು ಫೋನಿನಲ್ಲಿ ಅಂದೆಯಲ್ಲ. ಆಗಿನಿಂದ ನಮ್ಮ ದೊರೆಸಾನಿಯ ವಿಷಯ ಬರೆಯಬೇಕೆಂದು ಮನಸ್ಸು ಹೊಯ್ದಾಡುತ್ತಿದೆ.

ದೊರೆಸಾನಿ ಎಂದರೆ ನಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟು ಮಡಿಸುವವಳು. ಗಾಲಿಕುರ್ಚಿಯಲ್ಲೇ ಓಡಾಟ. ಆ ಹೆಸರು ಅವಳೇ ಇಟ್ಟುಕೊಂಡದ್ದು. ನೀವೆಲ್ಲ ನಿಂತಿರುವಾಗ ಕೂತಿರುವವಳು ನಾನೊಬ್ಬಳೇ ತಾನೆ ಅನ್ನುತ್ತಾಳೆ. ಮಡಿಸಿದ್ದನ್ನೆಲ್ಲ ತೊಡೆಯ ಮೇಲೆ ಗಲ್ಲದವರೆಗೆ ಪೇರಿಸಿಕೊಂಡು, ಇಳಿಜಾರು ಹತ್ತಿ ಉಗ್ರಾಣಕ್ಕೆ ಸೇರಿಸುವುದೂ ಅವಳದೇ ಕೆಲಸ. ಮೇಲೆ ತಲುಪುವಷ್ಟರಲ್ಲಿ ಅಂಗಿ ತೊಯ್ದು ಬೆನ್ನಿಗಂಟಿರುತ್ತದೆ.

ಈ ವರ್ಷ ನಮಗೆಲ್ಲ ಹೆಜ್ಜೆ ಎಣಿಸುವ ಕೈಪಟ್ಟಿ ಕೊಟ್ಟರು. ತಿಂಗಳಿಗೆ ಹೇಳಿದಷ್ಟು ಹೆಜ್ಜೆ ನಡೆದವರಿಗೆ ಎರಡು ದಿನ ಸಂಬಳದ ರಜೆ. ಆ ಪಟ್ಟಿಗೆ ಕೈ ಬೀಸಿದರೆ ಸಾಕು, ಹೆಜ್ಜೆ ಅಂದುಕೊಳ್ಳುತ್ತದೆ. ನಿಂತಲ್ಲೇ ಇಸ್ತ್ರಿ ಉಜ್ಜುವ ನಾನು ಪಕ್ಕದ ಊರಿಗೆ ಹೋಗಿ ಬಂದಂತೆ ತೋರಿಸಿತು. ದೊರೆಸಾನಿ ಗಾಲಿ ಹಿಡಿದು ನೂಕುವುದು ಮಾತ್ರ ಬೀಸಿದಂತಲ್ಲವಂತೆ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಸೂಪರ್‌ವೈಸರ್ ಕೆಟ್ಟವರಲ್ಲ. ನಿಮಗೆ ವಿನಾಯಿತಿ ಇದೆಯಮ್ಮ, ಸುಮ್ಮನೆ ಕೂತಿದ್ದರೂ ರಜೆ ಸಿಗುತ್ತದೆ ಎಂದು ನಗುತ್ತಲೇ ಹೇಳಿದರು. ನಾನಾಗಿದ್ದರೆ ಕೈಮುಗಿದು ಬರುತ್ತಿದ್ದೆ. ಇವಳು ಕುರ್ಚಿಯನ್ನು ಅವರ ಮೇಜಿಗೆ ತಾಗುವಷ್ಟು ಹತ್ತಿರ ತಂದಳು.

"ಸುಮ್ನೆ ಎಲ್ಲಿ ಕೂತಿದೀನಿ ಸಾರ್? ಇವರ ಬೆವರಾದ್ರೆ ಅಳೀತೀರ, ನನ್ನ ಬೆವರು ಕಂಡ್ರೆ ಅಯ್ಯೋ ಪಾಪ ಅಂತೀರ. ನನಗೂ ಅಳೆದೇ ಕೊಡಿ."

ಇವಳ ಕೆಲಸಕ್ಕೇ ಸಂಚಕಾರ ಬಂತಲ್ಲ ಎಂದುಕೊಂಡೆ. ಅದನ್ನು ಅಳೆಯಲು ಈ ಪಟ್ಟಿಗೆ ಬರುವುದಿಲ್ಲ ಎಂದರು ಅವರು. ಹಾಗಾದರೆ ಪಟ್ಟಿ ಬದಲಾಯಿಸಿ, ನಾನಂತೂ ಬದಲಾಗುವ ಹಾಗಿಲ್ಲ ಎಂದಳು ಇವಳು. ವಾರಗಟ್ಟಲೆ ಜಗ್ಗಾಡಿ, ಕೊನೆಗೆ ಆಸ್ಪತ್ರೆಯ ನರ್ಸನ್ನು ಕರೆಸಿ ಕೇಳಿ, ತಿಂಗಳಿಗೆ ಇಷ್ಟು ಸಲ ಇಳಿಜಾರು ಹತ್ತುವುದನ್ನೇ ಅವಳ ಗುರಿ ಮಾಡಿದರು. ಮಂಡಿನೋವಿನ ಮುದಿ ಕಾವಲುಗಾರನಿಗೂ ಬೇರೆ ಗುರಿ ಸಿಕ್ಕಿತು.

ತಿಂಗಳ ಕೊನೆಗೆ ಏನಾಯಿತು ಅಂತೀಯ? ನಡುವೆ ಜ್ವರ ಬಂದು ಮಲಗಿದ ದೊರೆಸಾನಿಗೆ ಗುರಿ ಸ್ವಲ್ಪದರಲ್ಲಿ ತಪ್ಪಿತು. ಇರಲಿ ಬಿಡಿ, ರಜೆ ಬರೆದುಕೊಳ್ಳುತ್ತೇನೆ ಎಂದರು ಸೂಪರ್‌ವೈಸರ್. ಬೇಡವೇ ಬೇಡ ಎಂದಳು. ನಾವೆಲ್ಲ ಮುಖ ಸಪ್ಪಗೆ ಮಾಡಿಕೊಂಡಿದ್ದರೆ ಇವಳು ಬೆಡ್‌ಶೀಟು ಮಡಿಸುತ್ತ ನಗುತ್ತಿದ್ದಾಳೆ.

"ಯಾಕ್ರೇ ಸಾವಿನ ಮನೆ ತರ ನಿಂತಿದೀರ? ಇಷ್ಟು ವರ್ಷಕ್ಕೆ ನಾನೂ ಸೋಲಬಹುದಾದ ಒಂದು ಆಟ ಸಿಕ್ತು. ಮುಂದಿನ ತಿಂಗಳು ನೋಡ್ಕೊಳ್ಳಿ."

ಆ ಮಾತು ಕೇಳುತ್ತ ಇಸ್ತ್ರಿ ಎತ್ತುವುದನ್ನೇ ಮರೆತು ಒಂದು ದಿಂಬಿನ ಚೀಲ ಸುಟ್ಟೆ. ಬೈಸಿಕೊಂಡೆ. ಬೈಸಿಕೊಂಡದ್ದೂ ಹಿತವಾಗಿತ್ತು.

ಸಹಿ ಹಾಕು, ಹಾಕಬೇಡ ಎನ್ನುವಷ್ಟು ತಿಳಿವಳಿಕೆ ನನಗಿಲ್ಲ. ಹಾಕುವ ಮುಂಚೆ, ನನ್ನನ್ನೂ ಅಳೆಯುತ್ತೀರಾ ಎಂದು ಒಂದು ಮಾತು ಕೇಳು. ಅವರು ಏನಾದರೂ ಅಂದುಬಿಟ್ಟರೆ ಎಂಬ ಭಯ ನನಗೂ ಇದೆ, ಆದರೂ ಕೇಳು. ನಿನ್ನ ಭಾವ, ಮಕ್ಕಳು ಚೆನ್ನಾಗಿದ್ದಾರೆ. ನೀನು ಹೋದ ಕಡೆಯೆಲ್ಲ ಒಳ್ಳೆಯವರೇ ಎದುರಾಗಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ

ಇನ್ನೊಂದು ಮಾತು: ಅಪಘಾತವಾದ ಮೇಲೆ ನೀನು ನಡೆಯುವುದನ್ನು ನಾನು ಒಮ್ಮೆಯೂ ಕಂಡಿಲ್ಲ. ನಾನು ಬರುವ ಹೊತ್ತಿಗೆ ಬಾಗಿಲು ತೆಗೆದಿಟ್ಟು ಕುರ್ಚಿಯಲ್ಲಿ ಕೂತಿರುತ್ತೀಯ. ನಾನು ಹೊರಟು ರಸ್ತೆಯ ತಿರುವು ದಾಟುವವರೆಗೂ ಏಳುವುದಿಲ್ಲ. ಮುಂದಿನ ಸಲ ಬಾಗಿಲು ಹಾಕಿರು. ನಾನು ತಟ್ಟುತ್ತೇನೆ. ನೀನು ಬಂದು ತೆಗೆಯಲು ಎಷ್ಟು ಹೊತ್ತಾದರೂ ಹೊರಗೆ ನಿಂತಿರುತ್ತೇನೆ. ಊರುಗೋಲಿನ ತುದಿಯ ರಬ್ಬರು ಸವೆದಿಲ್ಲ ಅಂದಿದ್ದೆ; ಸೋಮವಾರ ಹೊರಡುವ ಮುಂಚೆ ಇನ್ನೊಂದು ಸಲ ನೋಡಿಕೋ.