ಕೈ ಎತ್ತಿ ನಿಂತವನು

ಮಾಸ್ತರರೇ,

ನೀವು ಹೋಗಿ ವರ್ಷ ತುಂಬುತ್ತ ಬಂತು. ನಿಮ್ಮ ವೆಂಕೋಬ ಬರೆಯುತ್ತಿದ್ದೇನೆ. ಎದುರು ಕೂತು ಹೇಳಬೇಕಾಗಿದ್ದನ್ನು ಈಗ ಕಾಗದಕ್ಕೆ ಹೇಳುತ್ತಿದ್ದೇನೆ.

ತುಂಗಭದ್ರೆಯ ದಂಡೆಯ ಸುಂಕದ ನಾಕಾಕ್ಕೆ ನಾವು ನುಗ್ಗಿದ್ದು ಬೆಳಕು ಹರಿಯುವಾಗ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಹೊಳೆಯಾಚೆ ಶಿಬಿರ ಹೂಡಿದ್ದ ನಾವು ಎಂಟು ಮಂದಿ. ನಾಕಾದ ಮೂವರು ಕಾವಲುಗಾರರಲ್ಲಿ ಇಬ್ಬರು ಕಾದಾಡಿ ಸತ್ತರು. ಮೂರನೆಯವನು ಬಂದೂಕು ಬಿಸಾಕಿ ಕೈ ಎತ್ತಿದ. ದೇವದುರ್ಗದ ಮೆಹಬೂಬ, ಹೆಸರನ್ನು ಅವನೇ ಹೇಳಿದ. "ಹೊಡೀಬ್ಯಾಡ್ರಿ ಅಣ್ಣಾ, ನಮ್ಮವ್ವಗ ನಾ ಒಬ್ಬನೇ ಅದೀನಿ." ನಮ್ಮ ನಾಯಕ ನನ್ನ ಕಡೆ ನೋಡಿ "ಮುಗಸು" ಎಂದ. ಎದೆಗೆ ಹೊಡೆದೆ. ಅವನು ಕೂಡಲೇ ಸಾಯಲಿಲ್ಲ. ನೀರು ಕೇಳಿದ. ಎರಡನೆಯ ಗುಂಡು... ಮರಳಿನಲ್ಲಿ ಮೊಳಕಾಲಾಳ ತೋಡಿ, ಮುಚ್ಚಿ, ಹೊಳೆ ದಾಟಿದೆವು.

ಮೂರು ದಿನದ ಮೇಲೆ ಮಾನ್ವಿಯ ನಿಮ್ಮ ಮನೆಗೆ ಬಂದಾಗ ನೀವು ತುಳಸಿಗೆ ನೀರು ಹಾಕುತ್ತಿದ್ದಿರಿ. ನಾನು ಹೆಮ್ಮೆಯಿಂದಲೇ ಹೇಳಿಕೊಂಡೆ, ಅಲ್ಲವೇ?

"ಯಾರ ಹುಕುಂ ಮ್ಯಾಲೆ ಹೊಡದಿ?" ಎಂದಿರಿ.

"ನಾಯಕರು ಹೇಳಿದ್ರು."

"ಅವರಿಗೆ ಯಾರು ಹೇಳಿದ್ರು?"

"ಇದು ಯುದ್ಧ ಅದ ರೀ ಮಾಸ್ತರ. ಅವರ ಮಂದಿ ಹಳ್ಳಿ ಸುಡಾಕತ್ತಾರ."

"ಸುಡಾಕತ್ತಾರ, ಖರೇ. ಅದಕ್ಕ ನೀ ಬಂದೂಕು ಹಿಡದಿ, ನಾ ಬ್ಯಾಡ ಅನಲಿಲ್ಲ. ಆದ್ರ ಕೈ ಎತ್ತಿದ ಮ್ಯಾಲೆ ಅವ ನಿನ್ನ ವೈರಿ ಅಲ್ಲ, ನಿನ್ನ ಜವಾಬ್ದಾರಿ. ಅವನ್ನ ಕೊಲ್ಲೋ ಅಧಿಕಾರ ಯಾವ ರಾಜಾಗೂ ಇಲ್ಲ, ಯಾವ ದೇಶಕ್ಕೂ ಇಲ್ಲ."

ಊಟ ಮಾಡದೆ ಎದ್ದು ಹೋದೆ. ನಿಮ್ಮನ್ನು ಕಂಡದ್ದು ಅದೇ ಕೊನೆ.

ಸಂಸ್ಥಾನದ ಪರವೆಂದು ಊರು ಸುಡುತ್ತಿದ್ದ ದಂಡು ನಾಕಾದ ಸೇಡಿಗಾಗಿ, ನಾನು ಬಂದುಹೋದ ಊರೆಂದು ತಿಳಿದು, ಎರಡು ಲಾರಿಗಳಲ್ಲಿ ಮಾನ್ವಿಗೆ ಬಂದ ಮಧ್ಯಾಹ್ನ ನಾನು ಆಚೆ ದಂಡೆಯಲ್ಲಿದ್ದೆ. ನಡೆದದ್ದನ್ನು ಹೇಳಿದವರು ನಿಮ್ಮ ಶಾಲೆಯ ಗೋಡೆಗೆ ಹತ್ತಿಕೊಂಡಿರುವ ಮನೆಯ ಬಟ್ಟೆ ವ್ಯಾಪಾರಿ ಖಾಸಿಂ ಸಾಹೇಬರು. ಓಣಿಯ ಹೆಂಗಸರನ್ನು ಶಾಲೆಯೊಳಗೆ ಕೂಡಿಸಿ ನೀವು ಬಾಗಿಲಲ್ಲಿ ನಿಂತಿರಂತೆ. ನನಗೆ ಕೇಳಿದ್ದನ್ನೇ ದಂಡಿನವರಿಗೂ ಕೇಳಿದಿರಂತೆ: "ಯಾರ ಹುಕುಂ ಅದ? ತಹಶೀಲ್ದಾರರ ಕಾಗದ ತೋರಸ್ರಿ." ಮೊದಲ ಭರ್ಜಿ ಹೊಟ್ಟೆಗೆ ಬಿತ್ತು. ಆದರೂ ಬಾಗಿಲ ಚೌಕಟ್ಟು ಬಿಡಲಿಲ್ಲವಂತೆ ನೀವು. ಬೆರಳು ಕಡಿದ ಮೇಲೆ... ಅಷ್ಟರಲ್ಲಿ ಖಾಸಿಂ ಸಾಹೇಬರು ನಡುವಿನ ಗೋಡೆ ಒಡೆದು ಹೆಂಗಸರನ್ನೆಲ್ಲ ತಮ್ಮ ಮನೆಯೊಳಗೆ ಎಳೆದುಕೊಂಡಿದ್ದರು. ದಂಡು ಬಂದದ್ದು ನನ್ನ ಗುಂಡಿನಿಂದ, ಸತ್ತದ್ದು ನೀವು. ಇದನ್ನು ಹೊತ್ತುಕೊಂಡು ಹೇಗೆ ತಿರುಗಲಿ?

ಭಾರತದ ಫೌಜು ಬಂದ ದಿನ ನನ್ನ ಕೊರಳಿಗೂ ಹಾರ ಬಿತ್ತು. ಅದೇ ವಾರ ನಮ್ಮವರೇ ಖಾಸಿಂ ಸಾಹೇಬರ ಅಂಗಡಿಗೆ ಬೆಂಕಿ ಇಟ್ಟು, ಅವರನ್ನು ಗಡ್ಡ ಹಿಡಿದು ಬೀದಿಗೆ ಎಳೆದರು. ಕೊಡಲಿ ಎತ್ತಿದವನು ನನ್ನ ಜೊತೆ ನಾಕಾಕ್ಕೆ ಬಂದಿದ್ದ ಗೆಳೆಯ. ಬಂದೂಕಿನ ಹಿಡಿಯಿಂದ ಅವನ ತೋಳು ಮುರಿದೆ. "ನೀ ಯಾರ ಕಡೆ ಅದಿಲೇ?" ಎಂದು ನೆಲಕ್ಕೆ ಬಿದ್ದು ಒದರಿದ. ನಾನು ಸಾಹೇಬರನ್ನು ಹಿಡಿದೆಬ್ಬಿಸಿದೆ. ಸಾಹೇಬರು ಬದುಕಿದ್ದಾರೆ.

ಹೋದ ವಾರ ದೇವದುರ್ಗಕ್ಕೆ ಹೋಗಿದ್ದೆ. ಮೆಹಬೂಬನ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ, ಅವನು ನೀರು ಕೇಳಿದ್ದನ್ನೂ, ಎರಡನೆಯ ಗುಂಡನ್ನೂ. ಹಿಟ್ಟಿನ ಕೈಯಿಂದಲೇ ನನ್ನ ಮುಖಕ್ಕೆ ಹೊಡೆದಳು. ತೋಳು ಸೋಲುವವರೆಗೂ ಹೊಡೆದಳು. ಆಮೇಲೆ ಕೂತು ಉಸಿರು ತಿರುಗಿಸಿಕೊಂಡು ಕೇಳಿದಳು: "ನನಗ ಹೇಳಿದ್ರ ಏನಾತು? ಸರಕಾರಕ್ಕ ಹೇಳೀಯೇನು?"

ಹೇಳಿದ್ದೆ, ಮಾಸ್ತರರೇ. ಪೊಲೀಸ್ ಠಾಣೆಯ ಹೊಸ ಅಮೀನರು "ಅದು ದೇಶದ ಕೆಲಸ, ಬರ್ಕೊಳ್ಳೂದಿಲ್ಲ, ಮನಿಗೆ ಹೋಗ್ರಿ" ಎಂದು ಚಹಾ ಕುಡಿಸಿ ಕಳಿಸಿದ್ದರು. ಸೋಮವಾರ ರಾಯಚೂರಿನ ಕೋರ್ಟಿಗೆ ಹೋಗುತ್ತಿದ್ದೇನೆ. ಅಲ್ಲಿಯೂ ಕೇಳದಿದ್ದರೆ ಮತ್ತೆ ಹೋಗುತ್ತೇನೆ, ಕೇಳುವವರೆಗೂ. ಆ ತಾಯಿಯೂ ಬರುತ್ತಾಳೆ. ದಾರಿಗೆ ಇಬ್ಬರಿಗೂ ಬುತ್ತಿ ತರುತ್ತೇನೆ ಅಂದಿದ್ದಾಳೆ.