ದ್ವೀಪಕ್ಕೆ ಹೋಗುವ ಕಾರ್ಡು

ಕೌಶಲ್,

ನೀನು ಏಳುವಷ್ಟರಲ್ಲಿ ನಾನು ನ್ಯೂ ಟೌನ್ ಬಸ್ಸಿನಲ್ಲಿರುತ್ತೇನೆ, ಇಂಟರ್‌ವ್ಯೂಗೆ. ನನ್ನ ಗಣಿತ ಪಾಠದ ವಿಡಿಯೊಗಳು ಮೆಮೊರಿ ಕಾರ್ಡಿಗೆ ಕಾಪಿಯಾಗುತ್ತಿವೆ. ಲ್ಯಾಪ್‌ಟಾಪ್ ಪ್ಲಗ್ ಕೀಳಬೇಡ. ಮುಗಿದ ಮೇಲೆ ಕಾರ್ಡನ್ನು ಬಾಲಿಗಂಜ್ ಸ್ಟೇಷನ್ನಿಗೆ ಒಯ್ದು, ಹತ್ತು ಗಂಟೆಯ ಕ್ಯಾನಿಂಗ್ ಲೋಕಲ್ ರೈಲು ಹತ್ತುವ ಸುರಮಾದಿಯ ಕೈಗೇ ಕೊಡು. ಈ ವಿಡಿಯೊ ತೋರಿಸುವ ದ್ವೀಪದ ಶಾಲೆಯ ಟೀಚರ್ ಅವರೇ.

"ಲಿಂಕ್ ಕಳಿಸಿದ್ರೆ ಆಗುದಿಲ್ವಾ ಮಾರಾಯ್ತಿ" ಎಂದು ಮತ್ತೆ ಶುರು ಮಾಡಬೇಡ. ಅಲ್ಲಿ ವಿಡಿಯೊ ಓಡುವಷ್ಟು ನೆಟ್ ಇಲ್ಲ. ಇವತ್ತು ರೈಲು ತಪ್ಪಿದರೆ ಮಕ್ಕಳು ಸೋಮವಾರ ಭಿನ್ನರಾಶಿ ಕಲಿಯದೆಯೇ ಪರೀಕ್ಷೆಗೆ ಕೂರಬೇಕು. ತಪ್ಪುವುದಿಲ್ಲ ಬಿಡು, ನನ್ನನ್ನು ಬೈದುಕೊಂಡಾದರೂ ನೀನು ಓಡುತ್ತೀ.

ಹೋದ ಸಲ ನಾನು ಬಂಗಾಳಿಯಲ್ಲಿ ಗಣಿತ ಹೇಳಿಕೊಡುವ ನಡುವೆ ನೀನು ಬಚ್ಚಲಿನಿಂದ "ತನ್ಮಯೀ, ನನ್ನ ಬೈರಾಸು ಎಲ್ಲುಂಟು?" ಎಂದು ಕೂಗಿದ್ದೂ ರೆಕಾರ್ಡ್ ಆಗಿತ್ತು. ಸುರಮಾದಿ ಫೋನಿನಲ್ಲಿ ಅರ್ಥ ಕೇಳಿದರು, ಟವೆಲ್ ಎಂದೆ. ಈಗ ಆ ಮಕ್ಕಳು ಪೆನ್ಸಿಲ್ ಕಳೆದರೂ "ಬೈರಾಸು ಎಲ್ಲುಂಟು" ಎಂದೇ ಹುಡುಕುತ್ತಾರಂತೆ. ಈ ಸಲವೂ ನೀನು ಕೂಗಿದ್ದೀ. ನಾನು ಅಳಿಸಿಲ್ಲ.

ಸುರಮಾದಿ ನಿನ್ನ ಮುಖ ನೋಡಿಲ್ಲ, ನೀನೂ ಅವರ ಮುಖ ನೋಡಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಒಮ್ಮೆ ಹಾಗೆಯೇ ಕೂಗು. ತಿರುಗಿ ನಗುವವರ ಕೈಗೆ ಕಾರ್ಡು ಕೊಡು.

ತನ್ಮಯಿ