ಟ್ಯಾಂಕಿಗೆ ಹೊಡೆದ ಬಿರಡೆ

ಅಕ್ಕಾ,

ನಿನ್ನ ಪಿಕಪ್ಪು ಇವತ್ತು ಸರಿಯಾಯಿತು. ನೀನು ತೀರಿಕೊಂಡ ಮೇಲೆ ಅದನ್ನು ಓಡಿಸುತ್ತಿರುವವನು ನಾನು. ಈಚೆಗೆ ಏರು ಹತ್ತಿಸಿದರೆ ಸಾಕು, ಉಸಿರು ಕಟ್ಟಿದವರ ಹಾಗೆ ನಿಂತುಬಿಡುತ್ತಿತ್ತು.

ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತಿರುಗಿಸಿದ್ದೇ ತಡ, ಬುಸ್ಸೆಂದು ಗಾಳಿ ಒಳಗೆ ನುಗ್ಗಿತು. ಗಾಡಿ ಕೆಳಗೆ ತೂರಿ ನೋಡಿದರೆ, ಟ್ಯಾಂಕಿಗೆ ಗಾಳಿ ಹೋಗುವ ತೂತಿಗೆ ಮರದ ಬಿರಡೆ.

"ಗಾಳಿ ಒಳಗೆ ಹೋಗದಿದ್ರೆ ಪೆಟ್ರೋಲು ಪೈಪಿಗೆ ಹೇಗೆ ಬರುತ್ತೆ? ಯಾರ್ರೀ ಈ ಘನಕಾರ್ಯ ಮಾಡಿದ್ದು?"

ಪೆಟ್ರೋಲ್ ವಾಸನೆ ತಡೆಯಲಾರದೆ ಗಾಳಿ ಪೈಪು ಕಿತ್ತು ಬಿರಡೆ ಹೊಡೆದವನು ನಾನೇ. ಬಾಯಿಗೆ ಬಂದದ್ದು ಮಾತ್ರ, "ಮೊದಲು ನಮ್ಮಕ್ಕ ಓಡಿಸ್ತಿದ್ಲು."

"ಹಾಗನ್ನಿ ಮತ್ತೆ. ಹೆಂಗಸರ ಕೈಗೆ ಗಾಡಿ ಕೊಟ್ರೆ ಇಷ್ಟೇ," ಅಂತ ನಕ್ಕ. ನಾನೂ ನಕ್ಕೆ ಅಕ್ಕಾ.

ಆಮೇಲೆ ಬಿರಡೆ ಕಿತ್ತು, ಹೊಸ ಗಾಳಿ ಪೈಪನ್ನು ಕ್ಯಾಬಿನ್ ಹಿಂದೆ ಮೇಲಕ್ಕೆ ಒಯ್ಯಲು ಹೋದ ಮೆಕ್ಯಾನಿಕ್‌ನ ಕೈ ನಿಂತಿತು. ಅಲ್ಲಿ ಸಾಲಾಗಿ, ಹಳೇ ಪೈಪಿಗೆ ನೀನು ಹಾಕಿದ್ದ ಕ್ಲಿಪ್ಪುಗಳು. ಪೈಪು ಉಜ್ಜಬಾರದೆಂದು ಒಂದೊಂದರೊಳಗೂ ನಿನ್ನ ಹಳೇ ಚಪ್ಪಲಿಯ ರಬ್ಬರ್ ತುಂಡು.

"ಇಷ್ಟು ಅಚ್ಚುಕಟ್ಟಾಗಿ ಪೈಪು ಕಟ್ಟಿದವರು ಬಿರಡೆ ಹೊಡೀತಾರಾ?" ಅಂದು ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

ವಾಪಸ್ ಬರುವಾಗ ಗಾಡಿ ಏರಿನಲ್ಲಿ ಎಲ್ಲೂ ನಿಲ್ಲಲಿಲ್ಲ. ಮನೆ ಮುಂದೆ ನಿಲ್ಲಿಸಿದ ಮೇಲೂ ನನಗೆ ಇಳಿಯಲು ಮನಸ್ಸಾಗಲಿಲ್ಲ. ನಿನ್ನ ಮಗಳೇ ಹೊರಗೆ ಬಂದಳು.

"ಮಾಮಾ, ಅಮ್ಮನ ಗಾಡಿಗೆ ಏನಾಗಿತ್ತಂತೆ?"

"ಏನಿಲ್ಲ ಪುಟ್ಟಾ," ಅಂದೆ. "ಹಳೇ ಗಾಡಿ ಅಲ್ವಾ."